ಅರವತ್ತು ಸೈಕಲ್ಲಿನ ಪ್ಲೇಯರ್, ಐವತ್ತರ ಕರೆಂಟು: ಕಲಬುರಗಿಯ ಹದಿಹರೆಯದ ಬ್ಯಾಂಡೊಂದರ ಪ್ರಕರಣ

ಕಲಬುರಗಿಯ ನಾಲ್ಕು ಜನ ಪಿಯುಸಿ ಮಕ್ಕಳು ಸೇರಿ ಒಂದು ರಾಕ್ ಬ್ಯಾಂಡ್ ಕಟ್ಟಿದರು. ಅವರು ಆರಿಸಿಕೊಂಡದ್ದು ಸಿನಿಮಾ ಹಾಡನ್ನಲ್ಲ, ಈಗಿನ ಮೆಟಲ್ ಹಾಡನ್ನೂ ಅಲ್ಲ. 1950ರ ದಶಕದ ಅಮೆರಿಕದ ರಿದಮ್ ಅಂಡ್ ಬ್ಲೂಸ್. ಅದನ್ನೂ ಎಲ್‌ಪಿ ರಿಕಾರ್ಡ್ ಹಚ್ಚಿ, ಕೇಳಿ ಕೇಳಿ ಕಲಿತರು. ಸುಮಾರು ಒಂದು ವರ್ಷ ತಾಲೀಮು ಮಾಡಿ ಕಾಲೇಜಿನ ಗ್ಯಾದರಿಂಗಿನಲ್ಲಿ ನುಡಿಸಿದರು. ಹಾಡು ಮೇಲೇಳಲೇ ಇಲ್ಲ. ಯಾರೂ ಕೂಗಿ ಇಳಿಸಲಿಲ್ಲ, ನಗಲೂ ಇಲ್ಲ. ಸುಮ್ನೆ ಮೊಬೈಲ್ ನೋಡುತ್ತಾ ಕೂತರು. ಹುಡುಗರಿಗೆ ಇದು ಬೈಗುಳಕ್ಕಿಂತ ಜಾಸ್ತಿ ನೋವು ಕೊಟ್ಟಿತು.

ಸ್ವರ ತಪ್ಪಿರಲಿಲ್ಲ. ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ತಪ್ಪಿರಲಿಲ್ಲ. ಯಾರೂ ಸಾಲು ಮರೆತಿರಲಿಲ್ಲ. ಹಾಗಾದರೆ ಏನಾಯಿತು?

ಮಕ್ಕಳೆಲ್ಲ ಹದಿನೆಂಟರ ಒಳಗಿನವರು, ಹಾಗಾಗಿ ಹೆಸರು ಹಾಕಿಲ್ಲ. ಬ್ಯಾಂಡಿನ ಹೆಸರನ್ನೂ ಬಿಟ್ಟಿದ್ದೇನೆ. ಅದು ತಿಂಗಳಿಗೊಮ್ಮೆ ಬದಲಾಗುತ್ತಿತ್ತು ಬಿಡಿ. ಒಬ್ಬ ಗಿಟಾರ್, ಒಬ್ಬ ಡ್ರಮ್ಸ್, ಒಬ್ಬ ಕೀಬೋರ್ಡಿನ ಎಡಗೈಯಲ್ಲಿ ಬೇಸ್, ಅಂದರೆ ತಳದ ಸ್ವರಗಳು. ಹಾಡುವವಳು ಒಬ್ಬ ಹುಡುಗಿ. ನಾನು ಊರಲ್ಲಿ ಗಿಟಾರ್, ಕೀಬೋರ್ಡ್ ಹೇಳಿಕೊಡುವವನು. ಗಿಟಾರ್ ಹುಡುಗನ ತಾಯಿ ನನ್ನ ಹತ್ತಿರ ಬಂದದ್ದು ಸಂಗೀತದ ಚಿಂತೆಗಲ್ಲ. "ನೋಡ್ರಿ ಸರ, ರಾತ್ರಿ ಹತ್ತಕ್ಕ ಆ ರಿಕಾರ್ಡ್ ಹಚ್ಚತಾನ, ಒಂದಕ್ಕ ಬಂದ್ ಮಾಡ್ತಾನ. ಪರೀಕ್ಷಿ ಹತ್ರ ಬಂದಾವ. ಇದರಾಗ ಏನರ ಹುರುಳ್ ಅದ ಇಲ್ಲ, ಅಷ್ಟ ಹೇಳ್ರಿ." ಹುರುಳು ಇದೆಯೋ ಇಲ್ಲವೋ ಹೇಳಬೇಕಾದರೆ ಕೇಳಬೇಕಲ್ಲ. ಹೀಗೆ ಪ್ರಕರಣ ನನ್ನ ಕೈಗೆ ಬಂತು.

ಮೂರು ಕಾರಣಗಳು ಓಡಾಡುತ್ತಿದ್ದವು

ಮನೆಯವರು ಹೇಳಿದ್ದು: ಇಲ್ಲಿ ಯಾರಿಗೂ ಗೊತ್ತಿಲ್ಲದ ಹಾಡು, ಯಾರು ಕೇಳ್ತಾರೆ? ಬ್ಯಾಂಡಿನವರು ಹೇಳಿದ್ದು: ಗಿಟಾರ್ ಅಗ್ಗದ್ದು, ಆಂಪ್ಲಿಫೈಯರ್ ಚಿಕ್ಕದು, ಇದರಲ್ಲಿ ಆ ಸೌಂಡ್ ಬರಲ್ಲ. ಸೌಂಡ್ ಸಿಸ್ಟಮ್ ಹಾಕಿದವರು ಹೇಳಿದ್ದು: ಹುಡುಗಿಯ ದನಿ ಕೆಳಗೇ ಉಳೀತು, ಎಷ್ಟು ಏರಿಸಿದರೂ ಮೈಕ್ ಕಿರುಚುತ್ತಿತ್ತೇ ಹೊರತು ದನಿ ಬರಲಿಲ್ಲ.

ಮೊದಲನೆಯದು ನಿಲ್ಲುವುದಿಲ್ಲ. ಗೊತ್ತಿಲ್ಲದ ಹಾಡಿಗೂ ಕಲಬುರಗಿಯ ಜನ ಕಾಲು ಕುಣಿಸುತ್ತಾರೆ. ಬಂದೇ ನವಾಜರ ಉರುಸಿನಲ್ಲಿ ಪಾರ್ಸಿ ಕವ್ವಾಲಿಗೆ ತಲೆದೂಗುವ ಎಷ್ಟು ಜನರಿಗೆ ಪಾರ್ಸಿ ಬರುತ್ತದೆ? ಎರಡನೆಯದೂ ಅಷ್ಟೇ. ಈ ಸಂಗೀತ ಹುಟ್ಟಿದ್ದೇ ಕೆಟ್ಟ ಸಾಮಾನಿನಿಂದ. 1951ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ 'ರಾಕೆಟ್ 88' ಎಂಬ ಹಾಡಿನ ಧ್ವನಿಮುದ್ರಣಕ್ಕೆ ಬ್ಯಾಂಡಿನವರು ಬಂದಾಗ ಗಿಟಾರಿನ ಆಂಪ್ಲಿಫೈಯರ್ ಹಾಳಾಗಿತ್ತು. ಒಳಗೆ ಕಾಗದ ತುರುಕಿ ಹಾಗೇ ನುಡಿಸಿದರು. ಆ ಒಡಕು ದನಿಯನ್ನೇ ಜನ ಮೆಚ್ಚಿದರು. ಮೂರನೆಯ ಮಾತು ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. ನಾನು ಕೇಳಿದಾಗ ಆ ಹುಡುಗಿಗೆ ಒಳ್ಳೆಯ ಗಂಟಲಿತ್ತು. ಅದು ಕೆಳಗೆ ಯಾಕೆ ಉಳಿಯಿತು?

ರಿಕಾರ್ಡುಗಳ ಬಗ್ಗೆ

ಗಿಟಾರ್ ಹುಡುಗನ ಸೋದರಮಾವ ಹೈದರಾಬಾದಿನಲ್ಲಿದ್ದಾನೆ. ಜುಮೇರಾತ್ ಬಜಾರಿನಲ್ಲಿ ಹಳೆ ಸಾಮಾನು ಹುಡುಕುವ ಚಟ. ಅಮೆರಿಕದಿಂದ ವಾಪಸ್ ಬಂದ ಯಾರೋ ಮಾರಿದ ಒಂದು ರಿಕಾರ್ಡ್ ಪ್ಲೇಯರ್, ಜೊತೆಗೆ ಒಂದಿಷ್ಟು ಎಲ್‌ಪಿ ಸಿಕ್ಕವು. ಅವನಿಗೆ ಬೇಕಾಗಿದ್ದದ್ದು ಹಳೆ ಹಿಂದಿ ಹಾಡಿನ ತಲತ್ ಮೆಹಮೂದ್. ಬಂದದ್ದು ಚಕ್ ಬೆರ್ರಿ, ಜಿಮ್ಮಿ ರೀಡ್, ಮಡ್ಡಿ ವಾಟರ್ಸ್. ಪೆಟ್ಟಿಗೆ ಸಮೇತ ಅಳಿಯನಿಗೆ ದಾಟಿಸಿದ.

ಈ ಹೆಸರುಗಳು ಹೊಸದಾಗಿದ್ದರೆ ಸ್ವಲ್ಪ ಹಿನ್ನೆಲೆ. ಅಮೆರಿಕದ ಕಪ್ಪು ಜನರ ಹಾಡುಗಳ ಮಾರಾಟದ ಪಟ್ಟಿಗೆ ಬಿಲ್‌ಬೋರ್ಡ್ ಪತ್ರಿಕೆ 'ರೇಸ್ ರಿಕಾರ್ಡ್ಸ್' ಎಂಬ ಹೆಸರಿಟ್ಟಿತ್ತು. 1949ರಲ್ಲಿ ಅದನ್ನು ತೆಗೆದು 'ರಿದಮ್ ಅಂಡ್ ಬ್ಲೂಸ್' ಅಂದರು. ಹೆಸರು ಕೊಟ್ಟವರು ಅಲ್ಲಿನ ವರದಿಗಾರ ಜೆರ್ರಿ ವೆಕ್ಸ್ಲರ್. ಮಡ್ಡಿ ವಾಟರ್ಸ್ ಮಿಸಿಸಿಪ್ಪಿಯ ಹತ್ತಿ ಹೊಲ ಬಿಟ್ಟು 1943ರಲ್ಲಿ ಶಿಕಾಗೋಗೆ ಹೋದವರು, ನಮ್ಮ ಕಡೆಯವರು ಮುಂಬೈ, ಪುಣೆಗೆ ಗುಳೆ ಹೋಗುವ ಹಾಗೆ. ಹೊಲದಲ್ಲಿ ಸಾಕಾಗುತ್ತಿದ್ದ ಮರದ ಗಿಟಾರ್ ನಗರದ ಗದ್ದಲದಲ್ಲಿ ಕೇಳಿಸಲಿಲ್ಲ. ಹಾಗಾಗಿ ಕರೆಂಟಿನ ಗಿಟಾರ್ ಹಿಡಿದರು. ಪೋಲೆಂಡಿನಿಂದ ವಲಸೆ ಬಂದ ಲಿಯೊನಾರ್ಡ್, ಫಿಲ್ ಎಂಬ ಅಣ್ಣತಮ್ಮಂದಿರ ಚೆಸ್ ರಿಕಾರ್ಡ್ಸ್ ಕಂಪನಿ ಇವರ ಹಾಡುಗಳನ್ನು ಮುದ್ರಿಸಿತು. ಚಕ್ ಬೆರ್ರಿಯ 'ಮೇಬೆಲೀನ್' 1955ರಲ್ಲಿ, 'ಜಾನಿ ಬಿ. ಗುಡ್' 1958ರಲ್ಲಿ ಅಲ್ಲಿಂದಲೇ ಬಂದವು.

ರಿಕಾರ್ಡ್ ಕೇಳಿ ಬ್ಯಾಂಡ್ ಕಟ್ಟುವುದು ಹೊಸತೂ ಅಲ್ಲ, ಹುಚ್ಚೂ ಅಲ್ಲ. 1961ರಲ್ಲಿ ಇಂಗ್ಲೆಂಡಿನ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಇಬ್ಬರು ಹುಡುಗರು ಮಾತಿಗೆ ಬಿದ್ದದ್ದು ಒಬ್ಬನ ಕಂಕುಳಲ್ಲಿದ್ದ ಚಕ್ ಬೆರ್ರಿ, ಮಡ್ಡಿ ವಾಟರ್ಸ್ ರಿಕಾರ್ಡುಗಳ ದೆಸೆಯಿಂದ. ಮಿಕ್ ಜಾಗರ್, ಕೀತ್ ರಿಚರ್ಡ್ಸ್. ಮುಂದಿನ ವರ್ಷ ಅವರ ಬ್ಯಾಂಡ್ ರೋಲಿಂಗ್ ಸ್ಟೋನ್ಸ್ ಶುರುವಾಯಿತು. 1964ರಲ್ಲಿ ಶಿಕಾಗೋದ ಚೆಸ್ ಸ್ಟುಡಿಯೊಗೇ ಹೋಗಿ ಮುದ್ರಿಸಿ ಬಂದರು. ಅವರಿಗೂ ಮೊದಲು ಇದ್ದ ಗುರು ರಿಕಾರ್ಡ್ ಒಂದೇ. ಇದನ್ನು ಆ ತಾಯಿಗೂ ಹೇಳಿದೆ. ಪರೀಕ್ಷೆಯ ವಿಷಯದಲ್ಲಿ ಅದರಿಂದ ಅವರಿಗೇನೂ ಸಮಾಧಾನ ಆಗಲಿಲ್ಲ.

ಪ್ಲೇಯರಿನ ತಳದಲ್ಲಿ ಬರೆದಿದ್ದದ್ದು

ಅವರ ಮನೆಗೆ ಹೋಗಿ ರಿಕಾರ್ಡ್ ಹಚ್ಚಿಸಿ ಕೇಳಿದೆ. 'ಜಾನಿ ಬಿ. ಗುಡ್' ಬಂತು. ಗಡಸಾಗಿ, ನಿಧಾನವಾಗಿ, ದಪ್ಪ ಗಂಟಲಿನಲ್ಲಿ. ಈ ಹಾಡು ಕೇಳಿ ಬೆಳೆದವರು ಯಾರಾದರೂ ಅಲ್ಲೇ ಕುರ್ಚಿ ಬಿಟ್ಟು ಏಳುತ್ತಿದ್ದರು. ಚಕ್ ಬೆರ್ರಿಯ ದನಿ ತೆಳು, ಚುರುಕು. ಇದು ಅವರಲ್ಲ ಅನ್ನಿಸುವಷ್ಟು ಬೇರೆ.

ಫೋನಿನಲ್ಲಿ ಅದೇ ಹಾಡು ಹಾಕಿ ಕೇಳಿಲ್ವಾ ಅಂದೆ. ಕೇಳಿದ್ದರು. ಫೋನಿನದು ಬೇರೆ ಮುದ್ರಣ, ಆಮೇಲೆ ಸ್ಪೀಡ್ ಮಾಡಿ ಹಾಡಿದ್ದು ಅಂದುಕೊಂಡಿದ್ದರು. ಈ ಊಹೆ ದಡ್ಡತನವಲ್ಲ. ಚಕ್ ಬೆರ್ರಿ 1966ರಲ್ಲಿ ಮರ್ಕ್ಯುರಿ ಕಂಪನಿಗೆ ಹೋದ ಮೇಲೆ ತಮ್ಮ ಹಳೆ ಹಾಡುಗಳನ್ನು ನಿಜವಾಗಿಯೂ ಮತ್ತೆ ಮುದ್ರಿಸಿದ್ದರು. ಒಂದೇ ಹಾಡಿಗೆ ಎರಡು ಮುದ್ರಣ ಇರುವುದು ಸತ್ಯ. ಆದರೆ ಇಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದರೆ ಉಸಿರು ತೆಗೆದುಕೊಳ್ಳುವ ಜಾಗ ಒಂದೇ, ಪಿಯಾನೊ ಜಿಗಿಯುವ ಜಾಗ ಒಂದೇ. ಮುದ್ರಣ ಒಂದೇ, ಓಟ ಬೇರೆ. ಫೋನಿನಲ್ಲಿ ಎರಡು ನಿಮಿಷ ನಲವತ್ತು ಸೆಕೆಂಡಿನ ಆಸುಪಾಸು ಮುಗಿಯುವ ಹಾಡು ಪ್ಲೇಯರಿನಲ್ಲಿ ಮೂರು ನಿಮಿಷ ದಾಟುತ್ತಿತ್ತು.

ಪ್ಲೇಯರನ್ನು ಬೋರಲು ಹಾಕಿ ನೋಡಿದೆವು. ತಳದ ತಗಡಿನ ಮೇಲೆ ಅಚ್ಚು: 117 ವೋಲ್ಟ್, 60 ಸೈಕಲ್.

ಮನೆಯವರು ವೋಲ್ಟೇಜ್ ಬಗ್ಗೆ ಜಾಗ್ರತೆ ಮಾಡಿದ್ದರು. 230 ವೋಲ್ಟನ್ನು ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಿದ್ದರು. ಅದು ಗುಂಯ್ ಅನ್ನುತ್ತಾ ಮಂಚದ ಕೆಳಗೆ ಕೂತಿತ್ತು. ಆದರೆ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಮಾತ್ರ ಇಳಿಸುತ್ತದೆ. ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಆಗುತ್ತದೆ ಅನ್ನುವುದನ್ನು, ಅಂದರೆ ತಗಡಿನ ಮೇಲಿದ್ದ ಆ 'ಸೈಕಲ್' ಲೆಕ್ಕವನ್ನು, ಅದು ಮುಟ್ಟುವುದಿಲ್ಲ. ಅಮೆರಿಕದಲ್ಲಿ ಅದು 60 ಸಲ, ನಮ್ಮಲ್ಲಿ 50. ಆ ಕಾಲದ ಪ್ಲೇಯರುಗಳ ಎಸಿ ಮೋಟಾರಿನ ವೇಗ ನಿಂತಿರುವುದು ಆ ಎಣಿಕೆಯ ಮೇಲೆ. ಹಾಗಾಗಿ ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ ತಟ್ಟೆ 28ರ ಹತ್ತಿರ ತಿರುಗುತ್ತಿತ್ತು.

ಪರೀಕ್ಷೆ ಸುಲಭ. ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದು. ರಿಕಾರ್ಡಿನ ಅಂಚಿಗೆ ಒಂದು ಕಾಗದದ ಚೂರು ಅಂಟಿಸಿ ಮೂರು ನಿಮಿಷ ಎಣಿಸಿ. ಸರಿಯಾದ ಪ್ಲೇಯರ್ ಮೂರು ನಿಮಿಷಕ್ಕೆ ನೂರು ಸುತ್ತು ಹೊಡೆಯುತ್ತದೆ. ಇದು 83 ಹೊಡೆಯಿತು.

ಇಲ್ಲೊಂದು ಮಜಾ ಇದೆ. ಅರವತ್ತಕ್ಕೂ ಐವತ್ತಕ್ಕೂ ಇರುವ ಲೆಕ್ಕ 6:5. ಷಡ್ಜಕ್ಕೂ (ಸ) ಕೋಮಲ ಗಾಂಧಾರಕ್ಕೂ (ಇಳಿಸಿದ ಗ) ಇರುವ ಲೆಕ್ಕವೂ 6:5. ಅಂದರೆ ಅಮೆರಿಕದ ಕರೆಂಟು ನಮ್ಮ ಕರೆಂಟಿಗಿಂತ ಸರಿಯಾಗಿ ಒಂದು ಕೋಮಲ ಗಾಂಧಾರದಷ್ಟು ಮೇಲಿದೆ! ಹಾಡು ಮೂರು ಮನೆ, ಅಂದರೆ ಕಪ್ಪು ಬಿಳಿ ಎರಡೂ ಸೇರಿಸಿ ಎಣಿಸಿದರೆ ಮೂರು ಕೀ, ಕೆಳಗಿಳಿದಿತ್ತು. ಬಿ ಫ್ಲ್ಯಾಟಿನಲ್ಲಿರುವ 'ಜಾನಿ ಬಿ. ಗುಡ್' ಜಿಯಲ್ಲಿ ಬರುತ್ತಿತ್ತು. ಹಾರ್ಮೋನಿಯಂ ಭಾಷೆಯಲ್ಲಿ ಹೇಳುವುದಾದರೆ ಕಪ್ಪು ಐದರ ಹಾಡು ಬಿಳಿ ಐದಕ್ಕೆ ಇಳಿದಿತ್ತು. ಇಳಿದದ್ದು ಅರ್ಧಂಬರ್ಧ ಸ್ವರವಾಗಿದ್ದರೆ ಕೀಬೋರ್ಡಿಗೆ ಹೊಂದದೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಹೆಚ್ಚುಕಡಿಮೆ ಪೂರಾ ಮೂರು ಮನೆ ಇಳಿದದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಈಗ ಸೌಂಡ್ ಸಿಸ್ಟಮಿನವರ ಮಾತಿಗೆ ಉತ್ತರ ಸಿಕ್ಕಿತು. ಹಿಂದೂಸ್ತಾನಿ ಹಾಡುವ ಹೆಣ್ಣುಮಕ್ಕಳು ಸಾಮಾನ್ಯವಾಗಿ ಕಪ್ಪು ನಾಲ್ಕು, ಕಪ್ಪು ಐದರ ಸುತ್ತ ಷಡ್ಜ ಇಟ್ಟುಕೊಳ್ಳುತ್ತಾರೆ. ಈ ಹುಡುಗಿಯೂ ಚಿಕ್ಕಂದಿನಲ್ಲಿ ಭಜನೆ ಹಾಡಿದ್ದು ಅಲ್ಲೇ. ರಿಕಾರ್ಡನ್ನು ನಂಬಿ ಒಂದು ವರ್ಷ ತನ್ನ ದನಿಯ ಬುಡದಲ್ಲಿ ಒದ್ದಾಡಿದ್ದಳು. ಬುಡದಲ್ಲಿ ಗಾಳಿ ಜಾಸ್ತಿ, ದನಿ ಕಮ್ಮಿ. ಮೈಕ್ ಏರಿಸಿದರೆ ಗಾಳಿಯೇ ಏರುತ್ತದೆ.

ಗಿಟಾರ್ ಹುಡುಗ ಮಾತ್ರ ಚೆನ್ನಾಗಿ ತಯಾರಾಗಿದ್ದ. ಅದಕ್ಕೂ ಇದೇ ಕಾರಣ. ಹಳೆ ಕಾಲದ ಗಿಟಾರ್ ವಾದಕರು ಕಷ್ಟದ ತುಣುಕು ಕಲಿಯಲು ಬೇಕೆಂದೇ ಎಲ್‌ಪಿಯನ್ನು ಪ್ಲೇಯರಿನ 16ರ ವೇಗಕ್ಕೆ, ಅಂದರೆ ಅರ್ಧ ವೇಗಕ್ಕೆ, ಇಳಿಸಿ ಕೇಳುತ್ತಿದ್ದರು. ಇವನಿಗೆ ಆ ಸವಲತ್ತು ಪುಕ್ಕಟೆ ಸಿಕ್ಕಿತ್ತು. ಬೆರ್ರಿಯ ಎರಡು ತಂತಿ ಒಟ್ಟಿಗೆ ಎಳೆಯುವ ಕೈಚಳಕ ಅವನಿಗೆ ಒಂದೊಂದು ಬೆರಳೂ ಬಿಡಿಸಿ ಕೇಳಿತ್ತು.

ಲೇತ್ ಅಂಗಡಿ

ಬೆಲ್ಟಿನಿಂದ ತಿರುಗುವ ಪ್ಲೇಯರಿನಲ್ಲಿ ಮೋಟಾರಿನ ಪುಲ್ಲಿ ದಪ್ಪವಾದಷ್ಟೂ ತಟ್ಟೆ ಜೋರಾಗಿ ತಿರುಗುತ್ತದೆ. ಐವತ್ತನ್ನು ಅರವತ್ತರ ಮಟ್ಟಕ್ಕೆ ತರಲು ಪುಲ್ಲಿ ಶೇಕಡಾ 20ರಷ್ಟು ದಪ್ಪ ಆಗಬೇಕು. ಕಪನೂರು ಇಂಡಸ್ಟ್ರಿಯಲ್ ಏರಿಯಾದ ಲೇತ್ ಅಂಗಡಿಯಲ್ಲಿ ಹಳೆ ಪುಲ್ಲಿ ತೋರಿಸಿ ಹಿತ್ತಾಳೆಯಲ್ಲಿ ಹೊಸದು ಹೊಡೆಸಿದೆವು. ಪಂಪ್‌ಸೆಟ್ಟಿನ ಶಾಫ್ಟ್ ಮಾಡುವವರಿಗೆ ಇಷ್ಟು ಸಣ್ಣ ಸಾಮಾನು ತಮಾಷೆ. ಏನಕ್ಕೆ ಅಂತ ಕೇಳಿದರು, ಹೇಳಿದೆವು, ನಂಬಲಿಲ್ಲ. ಸ್ವಲ್ಪ ದಪ್ಪವೇ ಇದ್ದದ್ದನ್ನು ಪಾಲಿಶ್ ಪೇಪರಿನಿಂದ ಉಜ್ಜುತ್ತಾ, ಸುತ್ತು ಎಣಿಸುತ್ತಾ ನೂರಕ್ಕೆ ತಂದೆವು. ಹುಡುಗರ ಭೌತಶಾಸ್ತ್ರಕ್ಕೆ ಇದರಿಂದ ಏನಾದರೂ ಲಾಭ ಆಯಿತೋ ಗೊತ್ತಿಲ್ಲ. ತಾಯಿಗೆ ಆಯಿತು ಅಂತ ಹೇಳಿದೆ.

ಮೊದಲ ಜಗಳ ಗಿಟಾರ್ ಹುಡುಗನದು. ಜಿಯಲ್ಲಿ ಖಾಲಿ ತಂತಿಗಳು ಸಿಗುತ್ತವೆ, ಬಿ ಫ್ಲ್ಯಾಟಿನಲ್ಲಿ ಸಿಗಲ್ಲ, ನಾನು ಬದಲಾಯಿಸಲ್ಲ ಅಂದ. ಮೂರನೇ ಮನೆಗೆ ಕೇಪೊ ಹಾಕಿಕೋ ತಮ್ಮಾ, ಬೆರಳು ಅಲ್ಲೇ ಇರಲಿ ಅಂದೆ. ಕೇಪೊ ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿದು ಶ್ರುತಿ ಏರಿಸುವ ಕ್ಲಿಪ್ಪು. ಮುಖ ಊದಿಸಿಕೊಂಡೇ ಹಾಕಿಕೊಂಡ. ಹುಡುಗಿ ಎರಡನೇ ಸಾಲಿಗೇ ನಕ್ಕುಬಿಟ್ಟಳು. ದನಿ ಕೋಣೆ ತುಂಬಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ

ಶ್ರುತಿ ಸರಿಹೋಯಿತು, ವೇಗ ಸರಿಹೋಯಿತು, ಆದರೂ ಹಾಡು ನೆಲ ಬಿಡಲಿಲ್ಲ. ಈಗ ಕೆಡುಕು ಇನ್ನೂ ಚೆನ್ನಾಗಿ ಕೇಳುತ್ತಿತ್ತು. ಅದು ಡ್ರಮ್ಸ್.

ಹಳೆ ಮೋನೊ ರಿಕಾರ್ಡಿನಲ್ಲಿ ಡ್ರಮ್ಸ್ ಎಲ್ಲೋ ದೂರದಲ್ಲಿ 'ಟಿಶ್ ಟಿಶ್' ಅನ್ನುತ್ತದೆ. ಪ್ಲೇಯರಿನ ಪುಟ್ಟ ಸ್ಪೀಕರಿನಲ್ಲಿ ಅಷ್ಟೂ ಕೇಳುವುದಿಲ್ಲ. ಹಾಗಾಗಿ ಡ್ರಮ್ಸ್ ಹುಡುಗ ರಿಕಾರ್ಡ್ ಬಿಟ್ಟು ಫೋನಿನ ಪಾಠಗಳಿಂದ ಕಲಿತಿದ್ದ. ಅಲ್ಲಿ ರಾಕ್ ಎಂದರೆ ಒಂದೊಂದು ಪೆಟ್ಟನ್ನು ಎರಡು ಸಮಭಾಗ ಮಾಡುವುದು. ಡುಗು ಡುಗು ಡುಗು ಡುಗು. ಆ ರಿಕಾರ್ಡುಗಳಲ್ಲಿ ಇರುವುದು ಅದಲ್ಲ. ಜಿಮ್ಮಿ ರೀಡ್ ಹಾಡುಗಳಲ್ಲಿ ಒಂದೊಂದು ಪೆಟ್ಟೂ ಮೂರು ಭಾಗ. ಮೊದಲನೆಯದು, ಮೂರನೆಯದು ಮಾತ್ರ ಬಾರಿಸುತ್ತಾರೆ, ನಡುವಿನದು ಖಾಲಿ. ಶಫಲ್ ಅನ್ನುವುದು ಇದಕ್ಕೇ. ಹೇಳಿದರೆ ಹುಡುಗನಿಗೆ ತಲೆಗೆ ಹೋಗುತ್ತಿತ್ತು, ಕೈಗೆ ಬರುತ್ತಿರಲಿಲ್ಲ. ಟಿಕ್ ಟಿಕ್ ಎಂದು ಲಯ ಎಣಿಸುವ ಮೆಟ್ರೊನೋಮ್ ಹಾಕಿದರೆ ಇನ್ನೂ ಬಿಗಿಯಾಗುತ್ತಿದ್ದ.

ಶ್ರಾವಣ ಬಂತು. ನಮ್ಮ ಕಡೆ ಶ್ರಾವಣ ಅಂದರೆ ಗುಡಿಗುಡಿಯಲ್ಲಿ ಭಜನೆ. ಹುಡುಗನ ಓಣಿಯ ಗುಡಿಯಲ್ಲಿ ತತ್ವಪದ ಹಾಡುವ ಮೇಳ ಒಂದಿದೆ. ಏಕತಾರಿ, ದಮ್ಮಡಿ, ತಾಳ, ಹಾರ್ಮೋನಿಯಂ, ಜೊತೆಗೆ ಒಂದು ಢೋಲಕ್. ಢೋಲಕ್ ಬಾರಿಸುವ ಹಿರಿಯರನ್ನು ಓಣಿಯ ಹುಡುಗರೆಲ್ಲ ಕಾಕಾ ಅನ್ನುತ್ತಾರೆ. ಹುಡುಗ ಫೋನಿನಲ್ಲಿ ಜಿಮ್ಮಿ ರೀಡ್ ಹಾಕಿ ಅವರ ಕಿವಿಗಿಟ್ಟ. "ಕಾಕಾ, ಇದು ರಾಕ್ ಅದ, ನನಗ ಬರವಲ್ದು." ಕಾಕಾ ಸ್ವಲ್ಪ ಕೇಳಿ, ಮೊಣಕಾಲ ಮೇಲೆ ಬೆರಳಾಡಿಸಿದರು. "ಯಾವ್ ರಾಕ್ ಅದ ತಮ್ಮಾ? ದಾದರಾನೇ ಅಲ್ಲೇನು ಇದು."

ಪೂರ್ತಿ ಅಲ್ಲ, ಆದರೆ ಲೆಕ್ಕ ಕೂಡುತ್ತದೆ. ದಾದರಾ ಆರು ಮಾತ್ರೆ: ಧಾ ಧಿ ನಾ, ಧಾ ತೀ ನಾ. ಎರಡು ದಾದರಾ ಸೇರಿಸಿದರೆ ಹನ್ನೆರಡು. ಶಫಲ್‌ನ ಒಂದು ಬಾರ್‌ನಲ್ಲಿ, ಅಂದರೆ ತಾಳದ ಒಂದು ಸುತ್ತಿನಲ್ಲಿ, ನಾಲ್ಕು ಪೆಟ್ಟು, ಪೆಟ್ಟಿಗೆ ಮೂರು, ಅದೂ ಹನ್ನೆರಡು. ನಡುವಿನ ಅಕ್ಷರ ನುಂಗಿದರೆ ಆಯಿತು. ಹುಡುಗ ಶ್ರಾವಣವಿಡೀ ಕಾಕಾನ ಪಕ್ಕ ಕೂತು ದಮ್ಮಡಿ ಬಾರಿಸಿದ. ಡ್ರಮ್ ಸ್ಟಿಕ್ ಮುಟ್ಟಲಿಲ್ಲ. ಭಜನೆಯಲ್ಲಿ ಹಾಡು ಮುಂದೆ ಹೋಗುವುದು ಹೊಡೆತದ ಜೋರಿನಿಂದಲ್ಲ, ಬಿಟ್ಟ ಜಾಗದಿಂದ. ಅದನ್ನು ಅವನ ಮೈ ಕಲಿತುಕೊಂಡಿತು. ಒಂದು ಸಾಲನ್ನು ಹಿಮ್ಮೇಳ ತಿರುಗಿ ಹಾಡುವಾಗ ಎಲ್ಲಿ ಸುಮ್ಮನಿರಬೇಕು ಅನ್ನುವುದನ್ನೂ. ಹನ್ನೆರಡು ಬಾರ್‌ನ ಬ್ಲೂಸಿನಲ್ಲೂ ಸಾಮಾನ್ಯವಾಗಿ ಒಂದು ಸಾಲು, ಅದೇ ಸಾಲು ಮತ್ತೊಮ್ಮೆ, ಆಮೇಲೆ ಅದಕ್ಕೊಂದು ಉತ್ತರ. ಸಾಲು ಮುಗಿದ ಮೇಲೆ ಉಳಿಯುವ ಜಾಗದಲ್ಲಿ ಗಿಟಾರ್ ಮಾತಾಡುತ್ತದೆ.

ಇಷ್ಟಕ್ಕೆ ಕಥೆ ಸುಖಾಂತ್ಯ ಅಂದುಕೊಳ್ಳಬೇಡಿ. ಡ್ರಮ್ಸ್ ಹೀಗೆ ಮೂರರ ಲೆಕ್ಕದಲ್ಲಿ ತೂಗಾಡಲು ಶುರುವಾದದ್ದೇ ಗಿಟಾರ್, ಬೇಸ್ ಇಬ್ಬರೂ ತಾವೂ ತೂಗಾಡತೊಡಗಿದರು. ಜಿಮ್ಮಿ ರೀಡ್ ಹಾಡಿದ 'ಬಿಗ್ ಬಾಸ್ ಮ್ಯಾನ್' ಚೆನ್ನಾಯಿತು, 'ಜಾನಿ ಬಿ. ಗುಡ್' ಕೆಟ್ಟಿತು. ಈ ಪ್ರಕರಣದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. 1958ರ ಆ ಮುದ್ರಣದಲ್ಲಿ ಡ್ರಮ್ಸ್ ನುಡಿಸಿದವರು ಫ್ರೆಡ್ ಬಿಲೋ, ಜಾಝ್ ಕಲಿತು ಬಂದವರು. ಅವರು ತೂಗುತ್ತಾರೆ. ಆದರೆ ಚಕ್ ಬೆರ್ರಿಯ ಗಿಟಾರ್ ಪೆಟ್ಟನ್ನು ಎರಡಾಗಿ ಸಮ ಸೀಳಿ ನೇರ ಓಡುತ್ತದೆ. ಒಬ್ಬ ಮೂರರಲ್ಲಿ, ಇನ್ನೊಬ್ಬ ಎರಡರಲ್ಲಿ, ಪೆಟ್ಟು ಮಾತ್ರ ಒಂದೇ ಕಡೆ ಬೀಳುತ್ತದೆ. ಆ ಸಣ್ಣ ತಿಕ್ಕಾಟವೇ ಹಾಡಿನ ಜೀವ. ರಿದಮ್ ಅಂಡ್ ಬ್ಲೂಸ್ ರಾಕ್ ಆಗುತ್ತಿರುವ ಗಳಿಗೆ ಕೇಳಬೇಕಾ? ಆ ತಿಕ್ಕಾಟದಲ್ಲಿ ಕೇಳಿ. ಆಮೇಲಿನ ರಾಕ್‌ನಲ್ಲಿ ಡ್ರಮ್ಸೂ ನೇರವಾಯಿತು, ತಿಕ್ಕಾಟ ಹೋಯಿತು. ಫೋನಿನ ಪಾಠ ಹೇಳಿಕೊಟ್ಟದ್ದು ಆ ಆಮೇಲಿನದನ್ನು.

ಗಿಟಾರ್ ಹುಡುಗನಿಗೆ ಹೇಳಿದ್ದು ಇಷ್ಟೇ: ಭಜನೆಯಲ್ಲಿ ತಾಳದವರನ್ನು ನೋಡು. ಢೋಲಕ್ ಎಷ್ಟು ಓಲಾಡಿದರೂ ತಾಳ ನೇರ ಬಡಿಯುತ್ತಾರೆ. ನೀನು ತಾಳದವನು. ಅವನಿಗೆ ಇದು ಹಿಡಿಸಲಿಲ್ಲ, ಗಿಟಾರ್ ಹಿಡಿದವನಿಗೆ ತಾಳ ಅಂದರೆ ಇಳಿಸಿದ ಹಾಗೆ. ಆದರೆ ಕೈ ಒಪ್ಪಿಕೊಂಡಿತು.

ಗಣಪತಿ ಮಂಟಪ

ಗಣೇಶ ಚೌತಿಗೆ ಓಣಿಯ ಮಂಟಪದಲ್ಲಿ ಆರ್ಕೆಸ್ಟ್ರಾ ಇತ್ತು. ನಡುವೆ ಎರಡು ಹಾಡಿನ ಜಾಗ ಕೊಟ್ಟರು. ಕಮಿಟಿಯವರು ಸಿನಿಮಾ ಹಾಡೇ ಬೇಕೆಂದು ಪಟ್ಟು ಹಿಡಿದಾಗ ಹುಡುಗರು 1957ರ 'ಆಶಾ' ಚಿತ್ರದ 'ಈನಾ ಮೀನಾ ಡೀಕಾ' ಒಪ್ಪಿಕೊಂಡರು. ಜಾಣತನದ ಆಯ್ಕೆ. ಸಿ. ರಾಮಚಂದ್ರ ಅವರ ಆ ಹಾಡು ಅದೇ ಕಾಲದ ರಾಕ್ ಅಂಡ್ ರೋಲ್ ಗಾಳಿಯದ್ದು. ಮುಗಿಯುವ ಮೊದಲೇ ನಿಲ್ಲಿಸದೆ 'ಜಾನಿ ಬಿ. ಗುಡ್'ಗೆ ದಾಟಿಬಿಟ್ಟರು. ಕಮಿಟಿಗೆ ತಡೆಯಲು ಪುರುಸೊತ್ತು ಸಿಗಲಿಲ್ಲ. ಮುಂದಿನ ಸಾಲಿನ ಅಜ್ಜಂದಿರು ಚಪ್ಪಾಳೆ ಹಿಡಿದರು. ಚಿಕ್ಕ ಮಕ್ಕಳು ಸ್ಪೀಕರಿನ ಮುಂದೆ ಕುಣಿದರು. ಕಾಲೇಜಿನ ಹುಡುಗರು ಇಲ್ಲೂ ಮೊಬೈಲ್ ಹಿಡಿದಿದ್ದರು, ಈ ಸಲ ವಿಡಿಯೊ ಮಾಡಲು. ಮಧ್ಯದಲ್ಲಿ ಒಮ್ಮೆ ಬೇಸ್ ಹುಡುಗ ಕಾರ್ಡ್ ತಪ್ಪಿದ. ಗ್ಯಾದರಿಂಗಿನಲ್ಲಿ ಆಗದ ತಪ್ಪು ಇಲ್ಲಾಯಿತು. ಯಾರಿಗೂ ಗೊತ್ತಾಗಲಿಲ್ಲ.

ಎರಡನೇ ಹಾಡಾಗಿ ಇಟ್ಟುಕೊಂಡಿದ್ದ ಮಡ್ಡಿ ವಾಟರ್ಸ್ ಹಾಡು ಮಾತ್ರ ಏಳಲಿಲ್ಲ. ಅದು ನಿಧಾನದ ಹಾಡು, ನಡುನಡುವೆ ಎಲ್ಲ ವಾದ್ಯವೂ ನಿಂತು ದನಿ ಒಂದೇ ಉಳಿಯುತ್ತದೆ. ಮಂಟಪದಲ್ಲಿ ಅಂಥ ನಿಲುಗಡೆ ಬಂದಾಗ ಜನರು ಹಾಡು ಮುಗಿಯಿತು ಅಂದುಕೊಂಡು ಮಾತಿಗೆ ಶುರುಮಾಡಿದರು. ಆ ಹಾಡಿಗೆ ಬೇಕಾದದ್ದು ಸಣ್ಣ ಕೋಣೆ, ಹತ್ತಿರ ಕೂತ ಮೂವತ್ತು ಜನ. ಅಂಥ ಜಾಗ ಊರಲ್ಲಿ ಎಲ್ಲಿದೆ ಅಂತ ಹುಡುಕುತ್ತಿದ್ದಾರೆ. ಭಜನೆ ನಡೆಯುವ ಗುಡಿಯ ಪಡಸಾಲೆ ಅಳತೆಗೆ ಸರಿ, ಆದರೆ ಅಲ್ಲಿ ಈ ಹಾಡಿನ ಮಾತುಗಳು ನಡೆಯುವುದಿಲ್ಲ.

ತಾಯಿಯ ಚಿಂತೆ ತೀರಿಲ್ಲ. ರಿಕಾರ್ಡ್ ಈಗ ರಾತ್ರಿ ಒಂಬತ್ತಕ್ಕೆ ಬಂದ್ ಆಗಬೇಕೆಂದು ಕರಾರಾಗಿದೆ. ಬೇಸ್ ಹುಡುಗ ನೀಟ್ ಕೋಚಿಂಗಿಗೆ ಹೈದರಾಬಾದಿಗೆ ಹೊರಟಿದ್ದಾನೆ. ಅವನ ಜಾಗಕ್ಕೆ ಹಾರ್ಮೋನಿಯಂ ಬಲ್ಲ ಹುಡುಗಿಯೊಬ್ಬಳ ಜೊತೆ ಮಾತಾಗಿದೆ. ಅವಳಿಗೆ ಎಡಗೈಯಲ್ಲಿ ಸ್ವರ ಒತ್ತಿ ಅಭ್ಯಾಸವಿಲ್ಲ, ಆ ಕೈ ಇಷ್ಟು ದಿನ ತಿದಿ ಹಾಕುತ್ತಿತ್ತು. ಮುಂದಿನ ಭಾನುವಾರದಿಂದ ಅವಳ ಎಡಗೈ ತಾಲೀಮು.